ಕಲ್ಲುದಾರಿಯಲ್ಲೂ ಕುಲುಕದ ಮೋಟಾರು

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಬಂಧುಗಳಲ್ಲಿ ಮಿಲ್ಲಿನವರು, ಆಫೀಸಿನ ಗುಮಾಸ್ತರು, ಹೋಟೆಲಿನವರು ಇರುವಂತೆಯೇ ಸಾಹುಕಾರರ ಮೋಟಾರು ನಡೆಸುವ ಡ್ರೈವರರೂ ಇದ್ದಾರೆ. ವಿಜಾಪುರದ ಕಡೆಯ ಅಂಥವರೊಬ್ಬರು ಕಳೆದ ತಿಂಗಳು ಪತ್ರಿಕೆ ಮಡಿಸಿಟ್ಟು ನಮ್ಮನ್ನು ಕೇಳಿದರು: “ನಮ್ಮ ಸಾಹುಕಾರ್ರು ರೇಂಜ್ ರೋವರ್ ತಗೊಂಡಾರ್ರಿ. ತೆಗ್ಗಿನ್ಯಾಗ ಇಳಿಸಿದ್ರೂ ಹಿಂದ ಕುಂತವ್ರಿಗೆ ಗೊತ್ತಾಗಂಗಿಲ್ಲ. ನಾ ಹತ್ತು ವರ್ಷ ಲಾರಿ ಹೊಡದಾಂವ, ನನ್ನ ನಡಾ ಇನ್ನೂ ನೋಯ್ತೈತಿ. ಇದರಾಗ ಅಂಥಾದ್ದೇನೈತಿ, ಕನ್ನಡದಾಗ ಬರದು ಹಾಕ್ರಿ.”

ನಾವು ಮಿಲ್ಲಿನ ಲೆಕ್ಕ ಬರೆಯುವವರು. ಅಂಥ ಮೋಟಾರು ಕೊಳ್ಳುವವರಲ್ಲ. ಆದರೆ ಕೇಳಿದವರಿಗೆ ಹುಡುಕಿ ಹೇಳುವುದು ವಾಚನಾಲಯದ ಧರ್ಮ. ಓದಿ ತಿಳಿದಷ್ಟನ್ನು ಇಲ್ಲಿ ಅರಿಕೆ ಮಾಡುತ್ತೇವೆ.

ಮೊದಲು ಗಾಡಿಯ ಕುಲವನ್ನು ನೋಡೋಣ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ಎಂಬ ಇಂಜಿನಿಯರರು ತಮ್ಮ ಹೊಲದ ಕೆಲಸಕ್ಕೆ ಯುದ್ಧದ ಹಳೆಯ ಜೀಪೊಂದನ್ನು ಇಟ್ಟುಕೊಂಡಿದ್ದರು. ಇಂಥದೊಂದನ್ನು ನಾವೇ ಏಕೆ ಮಾಡಬಾರದೆಂದು ಹೊಳೆಯಿತು. ಹಾಗೆ ಹುಟ್ಟಿದ ಲ್ಯಾಂಡ್ ರೋವರ್ 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿತ್ತು. ಆಗ ಉಕ್ಕಿಗೆ ಅಭಾವ; ಆದುದರಿಂದ ಮೈಯನ್ನು ಅಲ್ಯುಮಿನಿಯಂ ಮಿಶ್ರಲೋಹದಿಂದ ಮಾಡಿದರು. ಅದು ರೈತನ ಗಾಡಿ. ಕೆಸರು ದಾಟುವುದು, ಗುಡ್ಡ ಏರುವುದು ಅದರ ಕೆಲಸ. ಕುಳಿತವರ ಸುಖ ಅದರ ಕೆಲಸವಾಗಿರಲಿಲ್ಲ.

ಸುಖ ಬಂದದ್ದು 1970ರ ಜೂನ್‌ನಲ್ಲಿ. ಸ್ಪೆನ್ ಕಿಂಗ್ ಎಂಬ ಇಂಜಿನಿಯರರ ಮುಂದಾಳುತನದಲ್ಲಿ ತಯಾರಾದ ರೇಂಜ್ ರೋವರ್ ಆಗ ಹೊರಬಂತು. ಅದರ ಗುಟ್ಟು ಮೆತ್ತನೆಯ ಸೀಟಿನಲ್ಲಿರಲಿಲ್ಲ. ಮೊದಲ ಗಾಡಿಗಳ ಸೀಟುಗಳು ಒರೆಸಿ ತೊಳೆಯಬಹುದಾದ ಪ್ಲಾಸ್ಟಿಕ್ಕಿನವು, ಬಾಗಿಲುಗಳೂ ಎರಡೇ. ನಾಲ್ಕು ಬಾಗಿಲಿನ ಮಾದರಿ ಬಂದದ್ದು 1981ರಲ್ಲಿ. ಗುಟ್ಟು ಇದ್ದದ್ದು ಸ್ಪ್ರಿಂಗಿನಲ್ಲಿ.

ಯಾವುದಾದರೂ ಲಾರಿಯ ಕೆಳಗೆ ಬಗ್ಗಿ ನೋಡಿರಿ. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು ಕಾಣುತ್ತವೆ. ಹಳೆಯ ಲ್ಯಾಂಡ್ ರೋವರಿಗೂ ಇದ್ದವು ಅವೇ. ಈ ಪ್ಲೇಟುಗಳಿಗೆ ಎರಡು ಚಾಕರಿ: ಭಾರ ಹೊರಬೇಕು, ಅಚ್ಚನ್ನೂ ಅದರ ಜಾಗದಲ್ಲಿ ಹಿಡಿದಿಡಬೇಕು. ಎರಡನ್ನೂ ಮಾಡಬೇಕಾದರೆ ಗಟ್ಟಿಯಾಗಿಯೇ ಇರಬೇಕು. ಮೇಲಾಗಿ ಪ್ಲೇಟುಗಳು ಒಂದಕ್ಕೊಂದು ಉಜ್ಜಿ ಬಿಗಿಯುವುದರಿಂದ ಸಣ್ಣ ಕಲ್ಲಿನ ಪೆಟ್ಟೂ ನೇರವಾಗಿ ಸೊಂಟಕ್ಕೆ ಬರುತ್ತದೆ. ಹೇರು ಇದ್ದಾಗ ಲಾರಿ ನೆಟ್ಟಗೆ ಹೋಗಿ, ಖಾಲಿ ಇದ್ದಾಗ ಕುಣಿಯುವುದು ಇದಕ್ಕಾಗಿಯೇ.

ರೇಂಜ್ ರೋವರಿನಲ್ಲಿ ಈ ಎರಡು ಚಾಕರಿಗಳನ್ನು ಬೇರೆ ಬೇರೆ ಮಾಡಿದರು. ಅಚ್ಚನ್ನು ಹಿಡಿದಿಡಲು ಪ್ರತ್ಯೇಕ ಸಲಾಕೆಗಳು. ಭಾರ ಹೊರಲು ನಾಲ್ಕು ಗಾಲಿಗಳಿಗೂ ಸುರುಳಿ ಸ್ಪ್ರಿಂಗುಗಳು. ಈಗ ಸ್ಪ್ರಿಂಗು ಮೆತ್ತಗಿರಬಹುದು, ಉದ್ದಕ್ಕೆ ಆಡಲೂಬಹುದು. ಒಂದು ಗಾಲಿ ತಗ್ಗಿಗೆ ಇಳಿದರೂ ಇನ್ನೊಂದು ಕಲ್ಲಿನ ಮೇಲೆ ಏರಿದರೂ ಮೈ ಬಹುಮಟ್ಟಿಗೆ ಸಮನಾಗಿರುತ್ತದೆ.

ಇಲ್ಲಿ ಒಂದು ಮಾತನ್ನು ಮನಸ್ಸಿಗೆ ತರಬೇಕು. ಸುಖಕ್ಕಾಗಿ ಮಾಡಿದ ಈ ಏರ್ಪಾಡೇ ಗುಡ್ಡ ಹತ್ತುವ ಶಕ್ತಿಯನ್ನೂ ಹೆಚ್ಚಿಸಿತು. ನೆಲ ಮುಟ್ಟಿದ ಗಾಲಿ ಮಾತ್ರ ಎಳೆಯಬಲ್ಲದು; ಗಾಳಿಯಲ್ಲಿ ತೂಗುವ ಗಾಲಿ ಸುಮ್ಮನೆ ಸುತ್ತುತ್ತದೆ. ಉದ್ದಕ್ಕೆ ಆಡುವ ಸ್ಪ್ರಿಂಗು ಗಾಲಿಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ.

ಮೆತ್ತನೆಯ ಸ್ಪ್ರಿಂಗಿಗೆ ಎರಡು ದೋಷಗಳುಂಟು. ಒಂದು, ಹೇರು ಬಿದ್ದರೆ ಹಿಂಭಾಗ ಕುಸಿಯುತ್ತದೆ. ಅದಕ್ಕಾಗಿ, ಗಾಡಿಯ ಓಲಾಟದಿಂದಲೇ ಬಲ ಪಡೆದು ಹಿಂಭಾಗವನ್ನು ಎತ್ತಿ ಸಮ ಮಾಡುವ ಒಂದು ಸಾಧನವನ್ನು ಇಟ್ಟರು. ಎರಡು, ಒಮ್ಮೆ ತೂಗಿದ ತೊಟ್ಟಿಲಿನಂತೆ ಆಡುತ್ತಲೇ ಇರುತ್ತದೆ. ಅದನ್ನು ತಡೆಯುವುದು ಶಾಕ್ ಅಬ್ಸಾರ್ಬರ್. ಅದರೊಳಗೆ ಎಣ್ಣೆಯು ಸಣ್ಣ ತೂತುಗಳಲ್ಲಿ ತೂರಿ ಹೋಗಬೇಕಾದುದರಿಂದ ಕುಣಿತ ಬೇಗನೆ ಅಡಗುತ್ತದೆ.

ಇನ್ನು ನಡೆಸುವವನ ಸಂತೋಷ. ಆ ಮೊದಲ ಗಾಡಿಯಲ್ಲಿ ನಾಲ್ಕು ಗಾಲಿಗಳಿಗೂ ಸದಾಕಾಲ ಇಂಜಿನಿನ ಬಲ ಸಲ್ಲುತ್ತಿತ್ತು. ತಿರುವಿನಲ್ಲಿ ಮುಂದಿನ ಗಾಲಿಗಳೂ ಹಿಂದಿನವೂ ಸಮನಾದ ದೂರ ಹೋಗುವುದಿಲ್ಲವಾದ್ದರಿಂದ ನಡುವೆ ಇನ್ನೊಂದು ಡಿಫರೆನ್ಷಿಯಲ್ ಇಟ್ಟರು. ಕೆಸರಿನಲ್ಲಿ ಸಿಕ್ಕಿದಾಗ ಅದನ್ನು ಬಿಗಿಮಾಡುವ ಅನುಕೂಲವೂ ಇತ್ತು. ಮೂರೂವರೆ ಲೀಟರಿನ, ಎಂಟು ಸಿಲಿಂಡರಿನ ಹಗುರವಾದ ಅಲ್ಯುಮಿನಿಯಂ ಇಂಜಿನು, ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕು, ದೂರದ ರಸ್ತೆ ಕಾಣುವ ಎತ್ತರದ ಸೀಟು—ಇವೆಲ್ಲ ಕೂಡಿ ಬಂದವು.

1992ರಲ್ಲಿ ಉಕ್ಕಿನ ಸುರುಳಿಯ ಬದಲು ಗಾಳಿ ತುಂಬಿದ ಸ್ಪ್ರಿಂಗು ಬಂತು. ಗಾಳಿಯನ್ನು ಹೆಚ್ಚುಕಡಮೆ ಮಾಡಿ ಗಾಡಿಯನ್ನು ಕಲ್ಲುದಾರಿಯಲ್ಲಿ ಎತ್ತರಿಸಬಹುದು, ಹೆದ್ದಾರಿಯಲ್ಲಿ ತಗ್ಗಿಸಬಹುದು. 2008ರಲ್ಲಿ ಈ ಕಂಪನಿಯನ್ನು ನಮ್ಮ ಟಾಟಾದವರೇ ಕೊಂಡರು. 2024ರಿಂದ ಪುಣೆಯಲ್ಲೇ ರೇಂಜ್ ರೋವರಿನ ಜೋಡಣೆ ನಡೆದಿದೆ.

ಇಷ್ಟು ಹೇಳಿದ ಮೇಲೆ ಡ್ರೈವರ್ ಬಂಧುಗಳಿಗೆ ಒಂದು ಎಚ್ಚರಿಕೆಯ ಮಾತು. ಪ್ರಶ್ನೆ ಕೇಳಿದ ಗೆಳೆಯರೇ ಆಮೇಲೆ ಒಪ್ಪಿಕೊಂಡರು: “ಅರವತ್ತರಾಗ ಹೊಂಟೀನಿ ಅಂದ್ಕೊಂಡಿದ್ದೆ, ಮುಳ್ಳು ನೋಡಿದ್ರ ನೂರು ದಾಟಿತ್ತು.” ಲಾರಿಯಲ್ಲಿ ಕುಲುಕಾಟವೇ ವೇಗವನ್ನು ಹೇಳುತ್ತದೆ, ಇಲ್ಲಿ ಹೇಳುವವರಿಲ್ಲ. ವೇಗ ಎರಡು ಪಟ್ಟಾದರೆ ಬ್ರೇಕು ಒತ್ತಿದ ಮೇಲೆ ಗಾಡಿ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು. ನಾಲ್ಕು ಗಾಲಿಯ ಎಳೆತ ಹೊರಡಲು, ಏರಲು ನೆರವಾಗುತ್ತದೆಯೇ ಹೊರತು ನಿಲ್ಲಲು ಅಲ್ಲ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕೇ ಗಾಲಿಗೆ. ಎರಡು ಟನ್ನಿಗೆ ಮೀರಿದ ಎತ್ತರದ ಗಾಡಿ ಘಾಟಿನ ತಿರುವಿನಲ್ಲಿ ಹಿಡಿತ ತಪ್ಪಿದರೆ ಸಾಹುಕಾರರ ಹಣ ಕಾಪಾಡದು. ಹಿಂದೆ ಕುಳಿತವರದು ಸುಖ, ಮುಂದೆ ಕುಳಿತವನದು ಹೊಣೆ. ಆದುದರಿಂದ ಮುಳ್ಳಿನ ಮೇಲೆ ಕಣ್ಣಿರಲಿ.

ಇದೆಲ್ಲ ಸಿರಿವಂತರ ಮಾತು, ನಮಗೇಕೆ ಎನ್ನಬೇಡಿರಿ. ಊರಿಗೆ ಹೋಗುವ ದೊಡ್ಡ ರಾತ್ರಿ ಬಸ್ಸುಗಳಲ್ಲಿ ಅನೇಕದರ ಕೆಳಗೆ ಇಂದು ಗಾಳಿಯ ಸ್ಪ್ರಿಂಗೇ ಇದೆ. ಬೆಳಗಿನ ಜಾವ ಹುಬ್ಬಳ್ಳಿಯಲ್ಲಿ ಸೊಂಟ ಹಿಡಿಯದೆ ಇಳಿದರೆ ಅದರ ಉಪಕಾರವೂ ಉಂಟು. ಕುಲುಕಾಟವಿಲ್ಲದ ಸೀಟು ಡ್ರೈವರನಿಗೆ ಶೋಕಿಯಲ್ಲ: ದಣಿದ ಮೈ ಬೇಗ ತಪ್ಪು ಮಾಡುತ್ತದೆ, ತಪ್ಪಿನ ಬೆಲೆಯನ್ನು ಬಸ್ಸಿನವರೆಲ್ಲ ತೆರಬೇಕಾಗುತ್ತದೆ.

ಸ್ವಂತ ಟ್ಯಾಕ್ಸಿ ಇಟ್ಟವರು ಇಷ್ಟು ಮಾಡಿ ನೋಡಿರಿ. ನಿಂತ ಗಾಡಿಯ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಡಿರಿ. ಒಮ್ಮೆ ಎದ್ದು ನಿಂತರೆ ಸರಿ. ಮತ್ತೆ ಮತ್ತೆ ಕುಣಿದರೆ, ಇಲ್ಲವೆ ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಜಿನುಗಿದ್ದರೆ, ಮೇಸ್ತ್ರಿಗೆ ತೋರಿಸಲು ತಡಮಾಡಬೇಡಿರಿ.

ಇಂಥ ಪ್ರಶ್ನೆಗಳಿದ್ದರೆ ಚೀಟಿ ಬರೆದು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಹಾಕಿರಿ. ಹುಡುಕಿ ಓದಿ ಮುಂದಿನ ಸಂಚಿಕೆಗಳಲ್ಲಿ ತಿಳಿಸುತ್ತೇವೆ.