ಹೊರನಾಡಿನಲ್ಲಿ ಆಂಗ್ಲಭಾಷಾ ಬೋಧನೆ: ಆರಂಭದ ಹೆಜ್ಜೆಗಳು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಧರ್ಮಶಾಸನಗಳಿರುವುದು ಸರ್ವವಿದಿತವಾದ ಸಂಗತಿ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಶಾಸನಗಳ ಭಾಷೆ ಪ್ರಾಕೃತ; ಲಿಪಿ ಬ್ರಾಹ್ಮಿ. ಆದರೆ ಇವುಗಳನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯನ್ನು ಸೂಚಿಸುವ ಕೊನೆಯ ಪದವನ್ನು ಮಾತ್ರ, ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ದೂರದ ಸೀಮೆಯ ಬರಹವನ್ನು ಬಲ್ಲವನು ಇಲ್ಲಿ ನಿಂತು ಕೆಲಸ ಮಾಡಿದನೆಂಬುದಕ್ಕೆ ಆ ಒಂದು ಪದವೇ ಸಾಕ್ಷಿ. ಪ್ರಾಕೃತವನ್ನರಿಯದ ಈ ನೆಲದ ಜನಕ್ಕೆ ಆ ಬರಹವನ್ನು ಯಾರೋ ಓದಿ, ಅವರ ಮಾತಿನಲ್ಲಿಯೇ ಅರ್ಥ ಬಿಡಿಸಿ ಹೇಳಿರಲೇಬೇಕು. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯವಚನಗಳ ಜೊತೆಗೆ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿಯೂ ಆ ಶಾಸನದಲ್ಲಿ ಸೇರಿರುವುದು ಅಧ್ಯಾಪಕವೃಂದಕ್ಕೆ ಹೆಮ್ಮೆಯ ವಿಷಯವೇ ಸರಿ.

1892ರಲ್ಲಿ ಈ ಶಾಸನಗಳನ್ನು ಬೆಳಕಿಗೆ ತಂದವರು ಬಿ. ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ, 1860ರಲ್ಲಿ ಬೆಂಗಳೂರಿನ ಹೈಸ್ಕೂಲಿನ ಮುಖ್ಯಸ್ಥರಾಗಿ ಮರಳಿದ ಅವರು ಮೊದಲಿಗೆ ವಿದ್ಯಾಶಾಲೆಯ ಮನುಷ್ಯರು. ಕನ್ನಡವನ್ನು ಅವರು ಆಳಿಸಿಕೊಳ್ಳುವವರ ಭಾಷೆಯೆಂದು ಬದಿಗಿಡದೆ ಶ್ರದ್ಧೆಯಿಂದ ಕಲಿತರು. ಆ ಕಲಿಕೆಯ ಫಲವಾಗಿಯೇ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳು ಕನ್ನಡಿಗರಿಗೆ ದೊರೆತವು. ಪರದೇಶದಲ್ಲಿ ಪಾಠ ಹೇಳಹೊರಟವನು ಮೊದಲು ಆ ದೇಶದವರ ಮಾತಿಗೆ ಕಿವಿಗೊಡಬೇಕೆಂಬ ತತ್ತ್ವಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಈಗ ಕಾಲಚಕ್ರ ತಿರುಗಿದೆ. ಅಂದು ಇಂಗ್ಲೆಂಡಿನವರು ಇಲ್ಲಿಗೆ ಬಂದು ಆಂಗ್ಲಭಾಷೆಯನ್ನು ಕಲಿಸಿದರೆ, ಇಂದು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಪದವೀಧರರು ಹೊರದೇಶಕ್ಕೆ ಹೋಗಿ ಅದೇ ಭಾಷೆಯನ್ನು ಕಲಿಸಬಹುದೇ ಎಂದು ಕೇಳುವಂತಾಗಿದೆ. ಶೇಂಗಾ ಬೆಳೆದು ಮಳೆಯ ದಾರಿ ಕಾಯುವ ರೈತನ ಮಗಳು, ರೇಷ್ಮೆ ಸೀರೆ ನೇಯುವ ಮಗ್ಗದ ಮನೆಯ ಮಗ ಈ ಪ್ರಶ್ನೆಯನ್ನು ಕೇಳಿದಾಗ, 'ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದೆಲ್ಲ ಎಲ್ಲಿಯದು' ಎಂಬ ಉತ್ತರವೇ ಸಾಮಾನ್ಯವಾಗಿ ದೊರೆಯುತ್ತದೆ. ಆ ಉತ್ತರ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರಿಶೀಲಿಸುವುದು ಉಚಿತ.

ಭಾರತೀಯ ಅಧ್ಯಾಪಕರು ಹೊರದೇಶಗಳಲ್ಲಿ ಪಾಠ ಹೇಳುವುದು ಹೊಸ ಮಾತೇನಲ್ಲ. ಎರಡನೆಯ ಮಹಾಯುದ್ಧದ ತರುವಾಯ ಚಕ್ರವರ್ತಿ ಹೈಲೆ ಸೆಲಾಸಿಯ ಆಳ್ವಿಕೆಯ ಇಥಿಯೋಪಿಯಕ್ಕೆ ಭಾರತದಿಂದ ಬಹು ಸಂಖ್ಯೆಯ ಶಿಕ್ಷಕರು ತೆರಳಿದರು. ಆಂಗ್ಲಭಾಷೆಯನ್ನೇ ಬೋಧನ ಮಾಧ್ಯಮವಾಗಿಸಿಕೊಂಡ ಭೂತಾನವೂ ಮಾಲ್ದೀವ್ಸ್ ದ್ವೀಪಗಳೂ ಭಾರತೀಯ ಶಿಕ್ಷಕರನ್ನು ಕರೆಸಿಕೊಂಡಿವೆ. ಕೊಲ್ಲಿಯ ದೇಶಗಳಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳು ಅನೇಕವಾಗಿವೆ. ಹೊಸದಾಗಿ ಹೊರಡುವವರಿಗೆ ಇವೇ ಸುಲಭವಾದ ಬಾಗಿಲುಗಳು.

ಎಲ್ಲ ಬಾಗಿಲುಗಳೂ ಹೀಗೆ ತೆರೆದಿಲ್ಲವೆಂಬ ಸತ್ಯವನ್ನೂ ಮುಚ್ಚಿಡಬಾರದು. ಆಂಗ್ಲಭಾಷೆ ಮನೆಮಾತಾಗಿರುವ ದೇಶಗಳ ಪ್ರಜೆಗಳನ್ನೇ ಬಯಸುವ ರಾಷ್ಟ್ರಗಳುಂಟು. ದಕ್ಷಿಣ ಕೊರಿಯ ಭಾಷಾ ಬೋಧಕರ ವೀಸಾವನ್ನು ಅಮೆರಿಕ, ಬ್ರಿಟನ್, ಐರ್ಲೆಂಡ್, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ ಎಂಬ ಏಳು ದೇಶಗಳಿಗೆ ಸೀಮಿತಗೊಳಿಸಿತ್ತು. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯ ಆರ್ಥಿಕ ಒಪ್ಪಂದದ ಬಳಿಕ, ಪದವಿಯೂ ಶಿಕ್ಷಕ ಅರ್ಹತೆಯೂ ಉಳ್ಳ ಭಾರತೀಯರಿಗೆ ಶಾಲೆಗಳಲ್ಲಿ ಸಹಾಯಕ ಬೋಧಕರಾಗುವ ಅವಕಾಶ ದೊರೆಯಿತು. ಇಂಥ ನಿಯಮಗಳು ದೇಶದಿಂದ ದೇಶಕ್ಕೆ ಭಿನ್ನವಾಗಿದ್ದು ಕಾಲಕಾಲಕ್ಕೆ ಮಾರ್ಪಡುವುದರಿಂದ, ಅರ್ಜಿ ಹಾಕುವ ಮೊದಲು ಆಯಾ ದೇಶದ ದೂತಾವಾಸದಿಂದಲೇ ತಿಳಿದುಕೊಳ್ಳುವುದು ಕ್ಷೇಮ.

ಅರ್ಹತೆಯ ವಿಚಾರದಲ್ಲಿ ಮೊದಲನೆಯದು ಪದವಿ. ಶಾಲೆಯ ಹುದ್ದೆಗಾದರೆ ಬಿ.ಎಡ್. ಪದವಿಯೂ ಕೆಲವು ವರ್ಷಗಳ ಅನುಭವವೂ ಇರುವುದು ಮೇಲು. ಎರಡನೆಯದು ಭಾಷಾ ಬೋಧನೆಯಲ್ಲಿಯೇ ವಿಶೇಷ ತರಬೇತಿ. ಹೈದರಾಬಾದಿನಲ್ಲಿ 1958ರಲ್ಲಿ ಆರಂಭವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ 2007ರಲ್ಲಿ ವಿಶ್ವವಿದ್ಯಾಲಯವಾಯಿತು. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ದಕ್ಷಿಣ ರಾಜ್ಯಗಳ ಶಿಕ್ಷಕರಿಗೆ ತರಬೇತಿ ನೀಡುತ್ತ ಬಂದಿದೆ. ಅಂತರರಾಷ್ಟ್ರೀಯವಾಗಿ ಮನ್ನಣೆ ಪಡೆದ ಕೇಂಬ್ರಿಜ್‌ನ ಸೆಲ್ಟಾ ಪ್ರಮಾಣಪತ್ರಕ್ಕೆ ಕನಿಷ್ಠ 120 ಗಂಟೆಗಳ ಶಿಕ್ಷಣ ಅವಶ್ಯ. ಅದರಲ್ಲಿ 6 ಗಂಟೆಗಳ ಕಾಲ ನಿಜವಾದ ವಿದ್ಯಾರ್ಥಿಗಳ ಮುಂದೆ, ಪರೀಕ್ಷಕರ ಸಮಕ್ಷಮದಲ್ಲಿ ಪಾಠ ಮಾಡಿ ತೋರಿಸಬೇಕು. ಎರಡು ದಿನಗಳಲ್ಲಿ ಕೈಗೆ ಬರುವ ಪ್ರಮಾಣಪತ್ರಕ್ಕೂ ಇದಕ್ಕೂ ಇರುವ ಅಂತರವೇ ಈ 6 ಗಂಟೆಗಳು. ತರಗತಿಯಲ್ಲಿ ನಿಲ್ಲದೆ ಯಾರೂ ಅಧ್ಯಾಪಕರಾದುದಿಲ್ಲ.

ಇನ್ನು ಕನ್ನಡ ಮಾಧ್ಯಮದವರ ಅಳುಕಿನ ಮಾತು. ಹುಟ್ಟಿನಿಂದಲೇ ಇಂಗ್ಲಿಷನ್ನಾಡುವವನಿಗೆ ತಾನು ಅದನ್ನು ಕಲಿತ ಬಗೆ ನೆನಪಿರುವುದಿಲ್ಲ. ಶ್ರಮಪಟ್ಟು ಕಲಿತವನಿಗಾದರೋ ಎಡವಿದ ಕಲ್ಲುಗಳೆಲ್ಲ ಗುರುತಿನಲ್ಲಿರುತ್ತವೆ. ಗಡಿಸೀಮೆಯ ಈ ತಾಲ್ಲೂಕುಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಎಷ್ಟೋ ಮಂದಿ. ಅವರಿಗೆ ಕನ್ನಡ ಕಲಿಸುವ ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ಹೆಸರು ಬೇರೆಯಾದರೂ, ಎರಡನೆಯ ಭಾಷೆಯ ಬೋಧಕರೇ ಆಗಿದ್ದಾರೆ.

ವ್ಯಾಕರಣಜ್ಞಾನವೂ ಇಲ್ಲಿ ಕೈಬಿಡದು. ಜಪಾನಿ ಮತ್ತು ಕೊರಿಯನ್ ಭಾಷೆಗಳಲ್ಲಿ ಕನ್ನಡದಂತೆಯೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಮ್ಮ ವಿಭಕ್ತಿಪ್ರತ್ಯಯಗಳಂತೆ ನಾಮಪದದ ಹಿಂದೆಯೇ ಸಂಬಂಧಸೂಚಕಗಳು ಹತ್ತುತ್ತವೆ. 'ಹುಡುಗನು ಪುಸ್ತಕವನ್ನು ಓದಿದನು' ಎಂಬ ಕ್ರಮದಲ್ಲಿ ಯೋಚಿಸಿ ಕರ್ತೃ, ಕ್ರಿಯೆ, ಕರ್ಮ ಎಂಬ ಇಂಗ್ಲಿಷಿನ ಕ್ರಮಕ್ಕೆ ಹೊರಳುವ ಕಷ್ಟ ಜಪಾನಿನ ಬಾಲಕನಿಗೂ ಚಳ್ಳಕೆರೆಯ ಬಾಲಕನಿಗೂ ಒಂದೇ. 'ಎ', 'ದಿ' ಎಂಬ ಉಪಪದಗಳು ಇಬ್ಬರ ಭಾಷೆಯಲ್ಲಿಯೂ ಇಲ್ಲ. 'ಬ್ಯಾಂಕ್' ಎಂಬುದು ನಮ್ಮಲ್ಲಿ 'ಬ್ಯಾಂಕು' ಆದಂತೆ ಜಪಾನಿಯರೂ ಇಂಗ್ಲಿಷ್ ಪದಗಳ ಕೊನೆಗೆ ಸ್ವರವನ್ನು ಸೇರಿಸಿಕೊಳ್ಳುತ್ತಾರೆ. ಅರಬ್ಬೀ ಭಾಷೆಯಲ್ಲಿ ಪಕಾರವಿಲ್ಲದ ಕಾರಣ ಅಲ್ಲಿಯ ವಿದ್ಯಾರ್ಥಿ 'ಪೆನ್' ಎನ್ನಲು ಹೋಗಿ 'ಬೆನ್' ಎನ್ನುತ್ತಾನೆ. ಇದು ಅಜ್ಞಾನವಲ್ಲ, ಮಾತೃಭಾಷೆಯ ಅಭ್ಯಾಸ ಎಂದು ತಿಳಿದ ಗುರು ನಗುವುದಿಲ್ಲ, ತಿದ್ದುತ್ತಾನೆ.

ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ವರ್ಣಗಳ ಸ್ಥಾನವನ್ನು ಬಾಲ್ಯದಲ್ಲಿಯೇ ಕಲಿತವರಿಗೆ ನಾಲಗೆ ಎಲ್ಲಿ ತಾಗಬೇಕೆಂಬುದನ್ನು ತೋರಿಸುವುದು ಸುಲಭ. ಆದರೆ ತಮ್ಮ ಉಚ್ಚಾರಣೆಯನ್ನೂ ಮೊದಲು ಒರೆಗೆ ಹಚ್ಚಿ ನೋಡಬೇಕು. ಇಂಗ್ಲಿಷಿನ 'ಟಿ', 'ಡಿ'ಗಳು ನಮ್ಮ ಟಕಾರ ಡಕಾರಗಳೂ ಅಲ್ಲ, ತಕಾರ ದಕಾರಗಳೂ ಅಲ್ಲ. ಅವುಗಳ ಸ್ಥಾನ ಮೇಲಿನ ಹಲ್ಲುಗಳ ಹಿಂದಿನ ವಸಡು. 'ವಿ' ಮತ್ತು 'ಡಬ್ಲ್ಯು'ಗಳನ್ನು ಒಂದೇ ವಕಾರವಾಗಿಸುವುದು, 'ಎಗ್' ಎಂಬುದಕ್ಕೆ ಮುಂದೆ ಯಕಾರ ಸೇರಿಸುವುದು ಕನ್ನಡಿಗರ ಸಾಮಾನ್ಯ ದೋಷಗಳು. 'ರೆಕಾರ್ಡ್' ಎಂಬ ಪದದಲ್ಲಿ ಮೊದಲ ಅಕ್ಷರಕ್ಕೆ ಒತ್ತು ಬಿದ್ದರೆ ನಾಮಪದ, ಎರಡನೆಯದಕ್ಕೆ ಬಿದ್ದರೆ ಕ್ರಿಯಾಪದ. ಈ ಸ್ವರಭಾರ ಕನ್ನಡದಲ್ಲಿಲ್ಲದ್ದರಿಂದ ಪ್ರತ್ಯೇಕವಾಗಿ ಕಿವಿಯನ್ನು ಪಳಗಿಸಬೇಕು. ದಿನವೂ ಅರ್ಧ ಗಂಟೆ ಗಟ್ಟಿಯಾಗಿ ಓದಿ, ಧ್ವನಿಮುದ್ರಿಸಿ ಕೇಳಿಕೊಳ್ಳುವುದು ಖರ್ಚಿಲ್ಲದ ಸಾಧನೆ.

ಯೋಗ್ಯತೆ ಸಿದ್ಧವಾದ ಮೇಲೆ ಕಾಗದಪತ್ರಗಳ ಸರದಿ. ಪಾಸ್‌ಪೋರ್ಟಿನಲ್ಲಿಯೂ ಅಂಕಪಟ್ಟಿಗಳಲ್ಲಿಯೂ ಹೆಸರು ಒಂದೇ ರೀತಿಯಲ್ಲಿರಬೇಕು. ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರ ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲದಿದ್ದರೆ ಮುಂದೆ ತೊಡಕು ತಪ್ಪದು. ದಾಖಲೆಗಳನ್ನು ಪರಸ್ಪರ ಮಾನ್ಯ ಮಾಡುವ ಹೇಗ್ ಒಪ್ಪಂದ ಭಾರತದ ಮಟ್ಟಿಗೆ 2005ರಿಂದ ಜಾರಿಯಲ್ಲಿದೆ. ಆ ಒಪ್ಪಂದದ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ ಸಾಕು. ಉಳಿದ ದೇಶಗಳಿಗೆ ಅವುಗಳ ದೂತಾವಾಸದ ದೃಢೀಕರಣ ಬೇಕು. ಪೊಲೀಸ್ ಪರಿಶೀಲನಾ ಪತ್ರವನ್ನೂ ಅನೇಕ ದೇಶಗಳು ಕೇಳುತ್ತವೆ.

ಅತ್ಯಂತ ಎಚ್ಚರದಿಂದಿರಬೇಕಾದ ಸ್ಥಳ ಮಧ್ಯವರ್ತಿಯ ಬಾಗಿಲು. 1983ರ ವಲಸೆ ಕಾಯಿದೆಯು ವಿದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ಏಜೆಂಟರಿಗೆ ಸರ್ಕಾರಿ ನೋಂದಣಿಯನ್ನು ಕಡ್ಡಾಯಗೊಳಿಸಿತು. ಅದರಡಿಯ ನಿಯಮಗಳು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ, ತೆರಿಗೆ ಬಿಟ್ಟು, 30,000 ರೂಪಾಯಿಗಳ ಮಿತಿ ಹಾಕಿದವು. ಲಕ್ಷಗಟ್ಟಲೆ ಕೇಳುವವನು, ರಶೀತಿ ಕೊಡದವನು, 'ಮೊದಲು ಪ್ರವಾಸಿ ವೀಸಾದಲ್ಲಿ ಹೋಗಿ, ಆಮೇಲೆ ನೋಡೋಣ' ಎನ್ನುವವನು, ಈ ಮೂವರನ್ನೂ ದೂರವಿಡಬೇಕು. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವುದು ಅಪರಾಧವಾಗಿ, ಸಿಕ್ಕಿಬಿದ್ದಾಗ ಏಜೆಂಟನು ಜೊತೆಗಿರುವುದಿಲ್ಲ. ಹೊಲ ಅಡವಿಟ್ಟು, ತಾಯಿಯ ಒಡವೆ ಮಾರಿ ಕೊಟ್ಟ ಹಣ ಹೀಗೆ ಹೋದರೆ ಒಂದು ಮನೆತನವೇ ತಲೆ ಎತ್ತದಂತಾಗುತ್ತದೆ. ಸಂಬಳ, ವಾಸದ ವ್ಯವಸ್ಥೆ, ರಜೆ, ವೈದ್ಯಕೀಯ ನೆರವು, ಹಿಂದಿರುಗುವ ಪ್ರಯಾಣದ ವೆಚ್ಚ, ಇವಿಷ್ಟೂ ಕರಾರುಪತ್ರದಲ್ಲಿ ಬರಹದಲ್ಲಿರಬೇಕು. ಅದನ್ನು ಓದಿ ತಿಳಿಯದೆ ರುಜು ಹಾಕಬಾರದು.

ಹೊಸ ದೇಶದ ಮೊದಲ ತರಗತಿಯಲ್ಲಿ ಅಧ್ಯಾಪಕನು ಕಡಿಮೆ ಮಾತನಾಡಿ ವಿದ್ಯಾರ್ಥಿಗಳನ್ನು ಹೆಚ್ಚು ಮಾತನಾಡಿಸಬೇಕು. ವ್ಯಾಕರಣಸೂತ್ರವನ್ನು ಮೊದಲೇ ಹೇರದೆ, ಕಣ್ಣೆದುರಿನ ವಸ್ತುವಿನಿಂದ ಪದಕ್ಕೆ, ಪದದಿಂದ ವಾಕ್ಯಕ್ಕೆ, ಬಳಕೆಯಿಂದ ನಿಯಮಕ್ಕೆ ನಡೆಸಬೇಕು. ವಿದ್ಯಾರ್ಥಿಗಳ ಹೆಸರನ್ನು ಅವರು ಉಚ್ಚರಿಸುವಂತೆಯೇ ಉಚ್ಚರಿಸಲು ಕಲಿಯುವುದು ಗುರುವಿನ ಮೊದಲ ಪಾಠ.

ಈ ಸಿದ್ಧತೆಯಲ್ಲಿ ಊರಿನವರಿಗೂ ಪಾಲುಂಟು. ಸಹೋದ್ಯೋಗಿಯ ಪಾಠವನ್ನು ಕುಳಿತು ನೋಡಿ ಗುಣದೋಷಗಳನ್ನು ಸ್ನೇಹದಿಂದ ಹೇಳುವ ಪದ್ಧತಿಯನ್ನು ಅಧ್ಯಾಪಕರು ಬೆಳೆಸಬಹುದು. ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಕರಾರುಪತ್ರವೊಂದು ನಂಬತಕ್ಕದ್ದೇ ಎಂಬುದನ್ನು ವಿಚಾರಿಸಿ ತಿಳಿಸಬಹುದು. ದಾನಿಗಳು ಬಡ ಪದವೀಧರನೊಬ್ಬನ ತರಬೇತಿಯ ಶುಲ್ಕವನ್ನು ವಹಿಸಿಕೊಂಡರೆ ಆ ಮನೆಯ ಹೊಲ ಉಳಿಯುತ್ತದೆ. ಎಲ್ಲರೂ ಹೋಗಬೇಕೆಂದೇನಿಲ್ಲ, ಹೋಗದೆ ಉಳಿದವರಿಗೂ ಈ ತರಬೇತಿ ವ್ಯರ್ಥವಾಗದು, ಈ ಗಡಿಸೀಮೆಯ ಮಕ್ಕಳಿಗೇ ಅದರ ಫಲ ಸಲ್ಲುತ್ತದೆ. ಹೋಗುವವರು ತಮ್ಮ ನುಡಿಯನ್ನು ಹೊರೆಯೆಂದು ಬಿಟ್ಟು ಹೋಗುವುದು ಬೇಡ. ಚಪಡನು ದೂರದ ಬ್ರಹ್ಮಗಿರಿಯಲ್ಲಿ ನಿಂತು ಊರಿಗೆ ಬೇಕಾದ ಲಿಪಿಯಲ್ಲಿ ಶಾಸನವನ್ನು ಬರೆದನು. ಆದರೂ ತನಗೆ ಬಂದ ಇನ್ನೊಂದು ಲಿಪಿಯನ್ನು ಮರೆಯಲಿಲ್ಲ. ಆ ಒಂದು ಪದ ಇಂದಿಗೂ ಬಂಡೆಯ ಮೇಲೆ ಅಳಿಯದೆ ಉಳಿದಿದೆ.