ಮತ ಹೆಚ್ಚಿತು, ಸ್ಥಾನ ತಪ್ಪಿತು

ಚುನಾವಣೆಯಲ್ಲಿ ಸೋತವರನ್ನು ಕುರಿತು ‘ಜನ ಅವರ ಕೈಬಿಟ್ಟರು’ ಎಂದು ಹೇಳುವುದು ವಾಡಿಕೆ. ಈ ಮಾತು ಎಷ್ಟು ಸಹಜವಾಗಿ ಕೇಳಿಸುತ್ತದೆಯೆಂದರೆ, ಅದು ನಿಜವೇ ಎಂದು ಒರೆಗೆ ಹಚ್ಚುವ ಗೊಡವೆಗೆ ನಾವು ಹೋಗುವುದಿಲ್ಲ. ಆದರೆ 2023ನೆಯ ಇಸವಿ ಮೇ 13ರಂದು ಚಿಕ್ಕಮಗಳೂರು ವಿಧಾನಸಭಾ ಕ್ಷೇತ್ರದ ಎಣಿಕೆ ಮುಗಿದಾಗ ಹೊರಬಿದ್ದ ಅಂಕಿಗಳು ಈ ಮಾತಿಗೆ ಒಗ್ಗುವುದಿಲ್ಲ. 2004ರಿಂದ ಒಂದೇ ಸಮನೆ ನಾಲ್ಕು ಚುನಾವಣೆಗಳನ್ನು ಗೆದ್ದು, ರಾಜ್ಯದ ಸಚಿವರಾಗಿ, ಭಾರತೀಯ ಜನತಾ ಪಕ್ಷದ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾಗಿ ದೇಶಕ್ಕೆಲ್ಲ ಪರಿಚಿತರಾಗಿದ್ದ ಸಿ. ಟಿ. ರವಿಯವರು ಅಂದು ಸೋತರು. ಗೆದ್ದವರು ಕಾಂಗ್ರೆಸ್ಸಿನ ಎಚ್. ಡಿ. ತಮ್ಮಯ್ಯನವರು, ವಿಧಾನಸಭೆಗೆ ಹೊಸಬರು. ಅಂತರ 5,926 ಮತಗಳು.

ಇಲ್ಲಿಯವರೆಗೆ ವಿಶೇಷವೇನೂ ಇಲ್ಲ. ವಿಶೇಷವಿರುವುದು ಮುಂದಿನ ಲೆಕ್ಕದಲ್ಲಿ. 2018ರಲ್ಲಿ ಗೆದ್ದಾಗ ರವಿಯವರಿಗೆ ಬಂದಿದ್ದ ಮತಗಳು 70,863. 2023ರಲ್ಲಿ ಸೋತಾಗ ಬಂದವು 79,128. ಎಂದರೆ ಸೋಲಿನ ವರ್ಷದಲ್ಲಿ 8,265 ಮತಗಳು ಹೆಚ್ಚು! ಮತ ಹೆಚ್ಚಿಸಿಕೊಂಡವರು ಸ್ಥಾನ ಕಳೆದುಕೊಂಡುದು ಹೇಗೆ? ರಾಜಕೀಯದ ಒಲವು ನಿಲುವುಗಳನ್ನು ಬದಿಗಿರಿಸಿ, ಇದನ್ನೊಂದು ಗಣಿತದ ಸಮಸ್ಯೆಯೆಂದೇ ಭಾವಿಸಿ ಬಿಡಿಸಲು ಯತ್ನಿಸೋಣ.

ನೆಲ ಮತ್ತು ಕಾಲ

ಚಿಕ್ಕಮಗಳೂರಿಗೆ ಚುನಾವಣೆಯ ಗದ್ದಲ ಹೊಸದಲ್ಲ. 1978ರ ನವೆಂಬರಿನಲ್ಲಿ, ಡಿ. ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಲೋಕಸಭಾ ಸ್ಥಾನಕ್ಕೆ ಇಂದಿರಾ ಗಾಂಧಿಯವರು ಇಲ್ಲಿಂದ ಸ್ಪರ್ಧಿಸಿ, ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಈ ಊರಿನ ಹೆಸರನ್ನು ಕಲಿತವು. ಅಂದು ಲೋಕವಿಖ್ಯಾತರೊಬ್ಬರು ಹೊರಗಿನಿಂದ ಬಂದು ಗೆದ್ದರು. 2023ರಲ್ಲಿ ನಡೆದುದು ಇದರ ತಿರುವುಮುರುವು: ಹೊರಗೆ ಹೆಚ್ಚು ಹೆಸರಿಲ್ಲದ ಸ್ಥಳೀಯರೊಬ್ಬರು ಹೆಸರಾಂತ ಸ್ಥಳೀಯರನ್ನು ಸೋಲಿಸಿದರು.

ಈ ಸೀಮೆಯಲ್ಲಿ ಹೊಸ ಉಮೇದುವಾರನ ಕಷ್ಟ ಎರಡು ಬಗೆಯದು. ಮೊದಲನೆಯದು ನೆಲ. ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳು ಒತ್ತಾಗಿರುತ್ತವೆ. ಅರಳಿಕಟ್ಟೆಯ ಬಳಿ ನಿಂತು ಮಾತನಾಡಿದರೆ ಊರಿಗೆಲ್ಲ ಕೇಳಿಸುತ್ತದೆ. ಬಾಬಾಬುಡನ್‌ಗಿರಿಯ ಇಳಿಜಾರಿನಲ್ಲಾಗಲಿ, ಮೂಡಿಗೆರೆ ಕಳಸಗಳ ಕಡೆಯಲ್ಲಾಗಲಿ ಹಾಗಲ್ಲ. ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ತೋಟ. ಕೂಲಿಕಾರರ ಲೈನುಮನೆಗಳು ತೋಟದ ಒಳಗೆಲ್ಲೋ ಇರುತ್ತವೆ. ಎರಡನೆಯದು ಕಾಲ. 2023ರಲ್ಲಿ ನಾಮಪತ್ರ ಹಿಂತೆಗೆದುಕೊಳ್ಳಲು ಕೊನೆಯ ದಿನ ಏಪ್ರಿಲ್ 24. ಮತದಾನ ಮೇ 10. ಅದಕ್ಕೆ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ನಿಲ್ಲಬೇಕು. ಹೀಗೆ ಉಮೇದುವಾರರ ಪಟ್ಟಿ ಖಚಿತವಾದ ಮೇಲೆ ಉಳಿಯುವುದು ಎರಡೇ ವಾರ. ಹಣಕ್ಕೂ ಮಿತಿಯುಂಟು: ಕರ್ನಾಟಕದಂಥ ದೊಡ್ಡ ರಾಜ್ಯದ ವಿಧಾನಸಭಾ ಉಮೇದುವಾರರು 40 ಲಕ್ಷ ರೂಪಾಯಿಗಿಂತ ಹೆಚ್ಚು ವೆಚ್ಚ ಮಾಡಕೂಡದೆಂದು 2022ರಲ್ಲಿ ನಿಗದಿಯಾಗಿತ್ತು.

ಎರಡು ವಾರದಲ್ಲಿ ಗುಡ್ಡ ಗುಡ್ಡ ಹತ್ತಿ ಹೆಸರು ಗಳಿಸುವುದು ಸಾಧ್ಯವಿಲ್ಲ. ಆದುದರಿಂದ ಹೊಸಬರು ಈಗಾಗಲೇ ಇರುವ ಯಾವುದಾದರೊಂದು ಬಳಗವನ್ನು ತಮ್ಮದಾಗಿಸಿಕೊಳ್ಳಬೇಕಾಗುತ್ತದೆ. ತಮ್ಮಯ್ಯನವರು ರಾಜಕೀಯಕ್ಕೇ ಹೊಸಬರಾಗಿರಲಿಲ್ಲ. ಅನೇಕ ವರ್ಷ ಭಾರತೀಯ ಜನತಾ ಪಕ್ಷದಲ್ಲಿ ರವಿಯವರ ಜೊತೆಯಲ್ಲಿಯೇ ಕೆಲಸ ಮಾಡಿ, 2023ರ ಫೆಬ್ರುವರಿಯಲ್ಲಿ ಕಾಂಗ್ರೆಸ್ಸನ್ನು ಸೇರಿದವರು ಅವರು. ಎದುರಾಳಿಯ ಮನೆಯ ಒಳಹೊರಗನ್ನು ಬಲ್ಲ ಹೊಸಬರು ಎನ್ನಬಹುದು.

ಚದರಿದುದು ಕೂಡಿದಾಗ

ಈಗ ಸಮಸ್ಯೆಯ ತಿರುಳಿಗೆ ಬರೋಣ. 2018ರಲ್ಲಿ ಚಿಕ್ಕಮಗಳೂರಿನ ಸ್ಪರ್ಧೆ ಮೂರು ಮೂಲೆಯದು. ರವಿಯವರಿಗೆ 70,863, ಕಾಂಗ್ರೆಸ್ಸಿನ ಬಿ. ಎಲ್. ಶಂಕರ್ ಅವರಿಗೆ 44,549. ಜನತಾದಳ (ಜಾತ್ಯತೀತ)ದ ಬಿ. ಎಚ್. ಹರೀಶ್ ಅವರಿಗೆ 38,317. ರವಿಯವರ ಗೆಲುವಿನ ಅಂತರ 26,314. ನೋಡಿದವರಿಗೆ ಇದು ಅಲುಗಾಡದ ಕೋಟೆಯೆಂದೇ ತೋರುತ್ತಿತ್ತು.

ಆದರೆ ಎರಡನೆಯ ಮತ್ತು ಮೂರನೆಯ ಸ್ಥಾನದವರ ಮತಗಳನ್ನು ಕೂಡಿ ನೋಡಿ: 82,866. ರವಿಯವರ ಮತಗಳಿಗಿಂತ ಇದು 12,003 ಹೆಚ್ಚು. ಕೋಟೆ ನಿಂತಿದ್ದುದು ತನ್ನ ಗೋಡೆಯ ಬಲದಿಂದ ಮಾತ್ರವಲ್ಲ, ಎದುರಿನ ದಂಡು ಎರಡಾಗಿ ಒಡೆದಿದ್ದುದರಿಂದಲೂ ಹೌದು. 2023ರಲ್ಲಿ ಆ ಒಡಕು ಮುಚ್ಚಿತು. ಜನತಾದಳದ ವಿಧಾನ ಪರಿಷತ್ ಸದಸ್ಯ ಎಸ್. ಎಲ್. ಭೋಜೇಗೌಡರು ಬಹಿರಂಗವಾಗಿಯೇ ತಮ್ಮಯ್ಯನವರ ಪರವಾಗಿ ನಿಂತರು. ಕಣದಲ್ಲಿ ಉಳಿದಿದ್ದ ಆ ಪಕ್ಷದ ಉಮೇದುವಾರರಿಗೆ ಬಂದ ಮತ ಎರಡು ಸಾವಿರವನ್ನೂ ಮುಟ್ಟಲಿಲ್ಲ. ತಮ್ಮಯ್ಯನವರಿಗೆ ಬಂದವು 85,054. ಐದು ವರ್ಷ ಹಿಂದಿನ ಆ ಕೂಡಿಕೆಗೆ ಇದು ಎಷ್ಟು ಸಮೀಪವಾಗಿದೆ ಎಂಬುದನ್ನು ವಾಚಕರು ಗಮನಿಸಬೇಕು. ರವಿಯವರು ಎಂಟು ಸಾವಿರ ಮತಗಳನ್ನು ಹೊಸದಾಗಿ ಗಳಿಸಿ ಹನ್ನೆರಡು ಸಾವಿರದ ಆ ಅಡಗಿದ್ದ ಕೊರತೆಯನ್ನು ಅರ್ಧಕ್ಕೆ ಇಳಿಸಿದ್ದರು. ಆದರೆ ಅಡಗಿದ್ದ ಕೊರತೆ ಬಯಲಿಗೆ ಬಂದಿತ್ತು.

ಫ್ರಾನ್ಸಿನ ಮೋರಿಸ್ ದ್ಯುವೆರ್ಜೆ ಎಂಬ ವಿದ್ವಾಂಸರು 1951ರಲ್ಲಿ ಇಂಥ ಪ್ರವೃತ್ತಿಯನ್ನು ವಿವರಿಸಿದರು. ಕ್ಷೇತ್ರಕ್ಕೆ ಒಂದೇ ಸ್ಥಾನವಿದ್ದು, ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವರೇ ಗೆಲ್ಲುವ ನಿಯಮವಿರುವಲ್ಲಿ, ಮೂರನೆಯವರಿಗೆ ಕೊಟ್ಟ ಮತ ವ್ಯರ್ಥವಾದೀತೆಂದು ಜನ ಕ್ರಮೇಣ ಇಬ್ಬರ ಸುತ್ತಲೇ ಗುಂಪಾಗುತ್ತಾರೆ ಎಂಬುದು ಅವರ ಮಾತಿನ ಸಾರಾಂಶ. ಇದು ಭೌತಶಾಸ್ತ್ರದ ನಿಯಮದಂತೆ ಎಲ್ಲೆಡೆಯೂ ತಪ್ಪದೆ ನಡೆಯುವುದಿಲ್ಲ. ಅದಕ್ಕೆ ಸಾಕ್ಷಿ ಬೇಕಾದರೆ ಪಕ್ಕದ ಕ್ಷೇತ್ರಕ್ಕೇ ಹೋಗಬಹುದು.

ಮೂಡಿಗೆರೆಯ ತದ್ವಿರುದ್ಧ ಕಥೆ

ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. 2018ರಲ್ಲಿ ಇಲ್ಲಿ ಭಾರತೀಯ ಜನತಾ ಪಕ್ಷದ ಎಂ. ಪಿ. ಕುಮಾರಸ್ವಾಮಿಯವರು 58,783 ಮತ ಪಡೆದು, 46,271 ಮತ ಪಡೆದ ಕಾಂಗ್ರೆಸ್ಸಿನ ಮಾಜಿ ಸಚಿವೆ ಮೋಟಮ್ಮನವರನ್ನು ಸೋಲಿಸಿದ್ದರು. ಮುಂದಿನ ವರ್ಷಗಳಲ್ಲಿ ಕಾಡಾನೆಗಳ ಹಾವಳಿ ಈ ಸೀಮೆಯ ದೊಡ್ಡ ಸಂಕಟವಾಯಿತು. 2022ರ ನವೆಂಬರಿನಲ್ಲಿ ಕುಂದೂರಿನ ಬಳಿ ಆನೆಯ ತುಳಿತಕ್ಕೆ ಮಹಿಳೆಯೊಬ್ಬರು ಬಲಿಯಾದಾಗ, ಅಲ್ಲಿಗೆ ಹೋದ ಶಾಸಕರ ಮೇಲೆ ಸಿಟ್ಟಿಗೆದ್ದ ಜನ ಕೈಮಾಡಿದ ಸುದ್ದಿ ನಾಡಿಗೆಲ್ಲ ಹಬ್ಬಿತು. 2023ರಲ್ಲಿ ಅವರಿಗೆ ಪಕ್ಷದ ಟಿಕೆಟ್ ದೊರೆಯಲಿಲ್ಲ. ಅವರು ಜನತಾದಳದಿಂದ ನಿಂತರು. ಅವರ ಹಳೆಯ ಪಕ್ಷ ದೀಪಕ್ ದೊಡ್ಡಯ್ಯನವರನ್ನು ನಿಲ್ಲಿಸಿತು. ಕಾಂಗ್ರೆಸ್ಸಿನಿಂದ ಕಣಕ್ಕಿಳಿದವರು ಮೋಟಮ್ಮನವರ ಮಗಳು ನಯನಾ ಮೋಟಮ್ಮ.

ಫಲಿತಾಂಶ ಹೀಗಿತ್ತು: ನಯನಾ ಅವರಿಗೆ 50,843, ದೀಪಕ್ ಅವರಿಗೆ 50,121, ಕುಮಾರಸ್ವಾಮಿಯವರಿಗೆ ಸುಮಾರು 26 ಸಾವಿರ. ಅಂತರ ಬರೀ 722. ತಾಯಿ ಸೋತಾಗ ಪಡೆದುದಕ್ಕಿಂತ ಮಗಳು ಗೆದ್ದಾಗ ಪಡೆದುದು 4,572 ಮತ ಮಾತ್ರ ಹೆಚ್ಚು. ಈ ಮೂವರ ಮತಗಳನ್ನು ಕೂಡಿಸಿ ನೂರೆಂದು ಎಣಿಸಿದರೆ ಗೆದ್ದವರ ಪಾಲು ನಲವತ್ತು. ಚಿಕ್ಕಮಗಳೂರಿನಲ್ಲಿ ಎದುರಿನ ಮತಗಳು ಒಂದುಗೂಡಿ ಹೊಸಬರು ಗೆದ್ದರೆ, ಮೂಡಿಗೆರೆಯಲ್ಲಿ ಎದುರಿನ ಮತಗಳು ಒಡೆದುಕೊಂಡಿದ್ದುದೇ ಹೊಸಬರಿಗೆ ಒದಗಿತು. ಒಂದೇ ದಿನ, ಒಂದೇ ಜಿಲ್ಲೆ, ಒಂದೇ ಪಕ್ಷದ ಗೆಲುವು. ಆದರೆ ಲೆಕ್ಕದ ದಾರಿ ಬೇರೆ ಬೇರೆ.

ಒಂದು ಮತಕ್ಕೆ ಎರಡರ ತೂಕ

722 ಮತಗಳ ಅಂತರವನ್ನು ಅಳಿಸಲು 722 ಮಂದಿ ಮನಸ್ಸು ಬದಲಿಸಬೇಕೆಂದು ತೋರಬಹುದು. ಅದು ತಪ್ಪು. ತಕ್ಕಡಿಯ ಒಂದು ತಟ್ಟೆಯಿಂದ ಬೊಟ್ಟನ್ನು ತೆಗೆದು ಇನ್ನೊಂದಕ್ಕೆ ಹಾಕಿದರೆ, ಇಲ್ಲಿ ಒಂದು ಕಡಿಮೆಯಾಗಿ ಅಲ್ಲಿ ಒಂದು ಹೆಚ್ಚಾಗುತ್ತದೆ. ವ್ಯತ್ಯಾಸ ಎರಡು ಬದಲಾಗುತ್ತದೆ. ಆದುದರಿಂದ ಮೂಡಿಗೆರೆಯಲ್ಲಿ ಗೆದ್ದವರಿಂದ ಎರಡನೆಯವರ ಕಡೆಗೆ 361 ಮಂದಿ ಸರಿದಿದ್ದರೆ ಸಮಸಮ. 362 ಮಂದಿ ಸರಿದಿದ್ದರೆ ಫಲಿತಾಂಶವೇ ತಿರುವುಮುರುವು. ಚಿಕ್ಕಮಗಳೂರಿನಲ್ಲಿ ಈ ಸಂಖ್ಯೆ 2,964. ಸಮಸಮವಾದರೆ ಏನು ಮಾಡುವುದೆಂಬುದನ್ನೂ ಕಾನೂನು ಹೇಳಿದೆ: ಚೀಟಿ ಎತ್ತಬೇಕು, ಚೀಟಿ ಬಂದವರಿಗೆ ಒಂದು ಮತ ಹೆಚ್ಚು ಬಂದಂತೆ ಭಾವಿಸಬೇಕು. ಇಂಥ ಪ್ರಸಂಗ ಕೇವಲ ಕಲ್ಪನೆಯೆಂದು ನಗಬೇಕಾಗಿಲ್ಲ. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣರು ಎ. ಆರ್. ಕೃಷ್ಣಮೂರ್ತಿಯವರನ್ನು ಸೋಲಿಸಿದುದು ಒಂದೇ ಒಂದು ಮತದಿಂದ.

ಹಳಬರಾಗಿರುವುದು ಲಾಭವೇ?

ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಮರಳಿ ಸ್ಪರ್ಧಿಸುವ ಸದಸ್ಯರಲ್ಲಿ ಸಾಮಾನ್ಯವಾಗಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಗೆಲ್ಲುತ್ತಾರೆ. ಆದುದರಿಂದಲೇ 2018ರ ಜೂನಿನಲ್ಲಿ 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಝ್ ಅವರು ನ್ಯೂಯಾರ್ಕಿನಲ್ಲಿ, ಹತ್ತು ಬಾರಿ ಗೆದ್ದಿದ್ದ ಜೋಸೆಫ್ ಕ್ರೌಲಿಯವರನ್ನು ಪಕ್ಷದೊಳಗಿನ ಆಯ್ಕೆಯಲ್ಲಿಯೇ ಸೋಲಿಸಿದಾಗ ಆ ದೇಶ ಬೆರಗಾಯಿತು. ಭಾರತದಲ್ಲಿ ಸ್ಥಿತಿ ಹಾಗಿಲ್ಲ. ಅರ್ಥಶಾಸ್ತ್ರಜ್ಞ ಯೋಗೇಶ್ ಉಪ್ಪಲ್ ಅವರು ನಮ್ಮ ವಿಧಾನಸಭಾ ಚುನಾವಣೆಗಳನ್ನು ಪರಿಶೀಲಿಸಿ 2009ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅವರ ವಿಧಾನ ಸ್ವಾರಸ್ಯವಾದುದು. ಕೂದಲೆಳೆಯಷ್ಟು ಅಂತರದಿಂದ ಗೆದ್ದವರೂ ಅಷ್ಟೇ ಅಂತರದಿಂದ ಸೋತವರೂ ಯೋಗ್ಯತೆಯಲ್ಲಿ ಹೆಚ್ಚುಕಡಿಮೆ ಸಮಾನರೆಂದು ಇಟ್ಟುಕೊಳ್ಳೋಣ. ಅವರ ನಡುವೆ ವ್ಯತ್ಯಾಸವೆಂದರೆ ಒಬ್ಬರು ಐದು ವರ್ಷ ಶಾಸಕರಾಗಿದ್ದರು, ಇನ್ನೊಬ್ಬರು ಆಗಿರಲಿಲ್ಲ ಎಂಬುದಷ್ಟೇ. ಮುಂದಿನ ಚುನಾವಣೆಯಲ್ಲಿ ಇವರಲ್ಲಿ ಯಾರು ಹೆಚ್ಚಾಗಿ ಗೆಲ್ಲುತ್ತಾರೆ? ಉತ್ತರ: ಶಾಸಕರಾಗಿದ್ದವರಲ್ಲ. ಅಧಿಕಾರದಲ್ಲಿದ್ದುದು ಇಲ್ಲಿ ಆಸರೆಗಿಂತ ಹೊರೆಯೇ ಆಗುತ್ತದೆ. ಆನೆ ಬಂದಾಗ, ರಸ್ತೆ ಕುಸಿದಾಗ, ಹಕ್ಕುಪತ್ರ ಬಾರದಿದ್ದಾಗ ಜನ ಕೇಳುವುದು ಇದ್ದವರನ್ನೇ ಹೊರತು ಬರಲಿರುವವರನ್ನಲ್ಲ. ಹಾಗೆ ನೋಡಿದರೆ ನಾಲ್ಕು ಬಾರಿ ಗೆದ್ದ ರವಿಯವರ ಸೋಲಿಗಿಂತ, ಅವರ ಹಿಂದಿನ ಮೂರು ಮರುಗೆಲುವುಗಳೇ ಹೆಚ್ಚು ವಿವರಣೆ ಬೇಡುವ ಸಂಗತಿ.

ಅಂಕಿಗಳು ಹೇಳದಿರುವುದು

ಕೊನೆಗೆ ಒಂದು ಎಚ್ಚರಿಕೆ. 82,866ಕ್ಕೂ 85,054ಕ್ಕೂ ಹೋಲಿಕೆಯಿರುವುದರಿಂದ, ಅಂದು ಶಂಕರ್ ಮತ್ತು ಹರೀಶ್ ಅವರಿಗೆ ಮತ ಕೊಟ್ಟವರೇ ಇಂದು ತಮ್ಮಯ್ಯನವರಿಗೆ ಕೊಟ್ಟರೆಂದು ಸಿದ್ಧವಾಗುವುದಿಲ್ಲ. ಕೆರೆಯ ನೀರಿನ ಮಟ್ಟ ಎರಡು ವರ್ಷ ಒಂದೇ ಆಗಿದ್ದರೂ ನೀರು ಒಂದೇ ಅಲ್ಲ. ತೂಬಿನಲ್ಲಿ ಹಳೆಯದು ಹರಿದು ಹೋಗಿರುತ್ತದೆ, ಹಳ್ಳದಿಂದ ಹೊಸದು ಬಂದಿರುತ್ತದೆ. ಐದು ವರ್ಷಗಳಲ್ಲಿ ಕೆಲವರು ತೀರಿಕೊಂಡರು, ಕೆಲವರು ಊರು ಬಿಟ್ಟರು, ಅನೇಕರು ಹದಿನೆಂಟು ತುಂಬಿ ಮೊದಲ ಸಲ ಮತ ಹಾಕಿದರು. ಒಟ್ಟು ಮೊತ್ತದಿಂದ ಒಬ್ಬೊಬ್ಬರ ನಡತೆಯನ್ನು ಊಹಿಸುವುದರ ಅಪಾಯವನ್ನು ಅಮೆರಿಕದ ವಿಲಿಯಂ ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞರು 1950ರಲ್ಲಿ ತೋರಿಸಿಕೊಟ್ಟರು. 1930ರ ಅಲ್ಲಿಯ ಜನಗಣತಿಯಲ್ಲಿ, ಪರದೇಶದಲ್ಲಿ ಹುಟ್ಟಿದವರು ಹೆಚ್ಚಾಗಿದ್ದ ರಾಜ್ಯಗಳಲ್ಲಿ ಓದುಬರಹವೂ ಹೆಚ್ಚಾಗಿತ್ತು. ಆದರೆ ವ್ಯಕ್ತಿವ್ಯಕ್ತಿಯಾಗಿ ನೋಡಿದರೆ ಪರದೇಶದಲ್ಲಿ ಹುಟ್ಟಿದವರಲ್ಲಿಯೇ ಓದುಬರಹ ಕಡಿಮೆ! ಅವರು ಓದುಬರಹ ಬಲ್ಲ ರಾಜ್ಯಗಳಲ್ಲಿ ನೆಲೆಸಿದ್ದರು, ಅಷ್ಟೆ. ಯಾವ ಜಾತಿ, ಯಾವ ಬಡಾವಣೆ ಯಾರಿಗೆ ಮತ ಹಾಕಿತೆಂದು ಎಣಿಕೆಯ ಮರುದಿನವೇ ಖಚಿತವಾಗಿ ನುಡಿಯುವವರು ಈ ಪಾಠವನ್ನು ನೆನಪಿಡಬೇಕು. ಮತ ಗುಪ್ತವಾದುದು, ಗಣಿತವೂ ಆ ಗುಟ್ಟನ್ನು ಒಡೆಯಲಾರದು.

ಕೂಡಿಕೆ ಮತ್ತು ಒಡಕಿನ ಈ ಲೆಕ್ಕ ಯಾವ ಪಕ್ಷಕ್ಕೂ ಸ್ವಂತದ್ದಲ್ಲ. 2023ರ ಸೆಪ್ಟೆಂಬರಿನಲ್ಲಿ ಜನತಾದಳವು ಭಾರತೀಯ ಜನತಾ ಪಕ್ಷದೊಡನೆ ಕೈಜೋಡಿಸಿತು. 2024ರ ಲೋಕಸಭಾ ಚುನಾವಣೆಯಲ್ಲಿ, ಕರಾವಳಿಯ ನಾಲ್ಕು ಕ್ಷೇತ್ರಗಳೂ ಸೇರಿರುವ ಉಡುಪಿ–ಚಿಕ್ಕಮಗಳೂರಿನಲ್ಲಿ ಆ ಕೂಟದ ಕೋಟ ಶ್ರೀನಿವಾಸ ಪೂಜಾರಿಯವರು ಎರಡೂವರೆ ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಅದೇ ವರ್ಷ ರವಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಗೆದ್ದವರು ಅಂತರವನ್ನು ನೋಡಿ ಮೈಮರೆಯದೆ, ತಮಗೆ ಬಾರದ ಮತಗಳು ಎಷ್ಟು, ಅವು ಎಷ್ಟು ಪಾಲಾಗಿವೆ ಎಂದು ಎಣಿಸುವುದು ಒಳಿತು. ಮತದಾರರು ನೆನಪಿಡಬೇಕಾದುದು ಇನ್ನೂ ಸರಳ: ಮೂಡಿಗೆರೆಯ ಐವತ್ತು ಸಾವಿರದ ತಕ್ಕಡಿಯನ್ನು ಈ ಕಡೆಯಿಂದ ಆ ಕಡೆಗೆ ವಾಲಿಸಲು 362 ಜನ ಸಾಕಾಗಿತ್ತು.