‘ಜೆಪರ್ಡಿ’: ಆಟದಿಂದ ಹುಟ್ಟಿದ ಅಪಾಯ

ಅಪಾಯಕ್ಕೆ ಇಂಗ್ಲಿಷಿನಲ್ಲಿ ‘ಡೇಂಜರ್’ ಎನ್ನುವುದು ಶಾಲೆಗೆ ಹೋಗದವರಿಗೂ ಗೊತ್ತು. ಕರೆಂಟ್ ಕಂಬಗಳೇ ಅದನ್ನು ಕಲಿಸಿವೆ. ಆದರೆ ಇಂಗ್ಲಿಷ್ ಪತ್ರಿಕೆಗಳ ಕೋರ್ಟು ವರದಿಗಳಲ್ಲಿ ಅಪರೂಪಕ್ಕೆ ಕಾಣಸಿಗುವ ಇನ್ನೊಂದು ಪದವಿದೆ. ಅದು ‘ಜೆಪರ್ಡಿ’. ಬರೆಯುವಾಗ ‘ಇ’ ಅಕ್ಷರದ ನಂತರ ‘ಒ’ ಬರುತ್ತದೆ, ಆದರೆ ಅದಕ್ಕೆ ಉಚ್ಚಾರವಿಲ್ಲ. ಚಿರತೆಗೆ ‘ಲೆಪರ್ಡ್’ ಎನ್ನುವ ಹಾಗೆಯೇ ಇದು ಕೂಡ. ‘ಜಿಯೋಪಾರ್ಡಿ’ ಎಂದರೆ ತಪ್ಪು.

ಈ ಪದದ ಮೂಲ ಹಳೆಯ ಫ್ರೆಂಚ್ ಭಾಷೆ. ಅಲ್ಲಿ ‘ಜೂ’ ಎಂದರೆ ಆಟ, ‘ಪಾರ್ತಿ’ ಎಂದರೆ ಪಾಲಾದದ್ದು. ಎರಡೂ ಕಡೆಯವರಿಗೆ ಗೆಲ್ಲುವ ಅವಕಾಶ ಸಮಪಾಲಾಗಿರುವ ಆಟ ಎಂದು ಅರ್ಥ. ಚದುರಂಗದಲ್ಲಿ ಬಿಡಿಸಬೇಕಾದ ಕಠಿಣ ಸಮಸ್ಯೆಗಳಿಗೂ ಈ ಹೆಸರಿತ್ತು. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಈ ಅರ್ಥದಲ್ಲೇ ಅದನ್ನು ಬಳಸಿದ್ದಾನೆ. ಗೆಲುವೋ ಸೋಲೋ ತಿಳಿಯದ ಸ್ಥಿತಿಯೇ ಕ್ರಮೇಣ ಅಪಾಯವೆಂಬ ಅರ್ಥ ಪಡೆಯಿತು.

ಕನ್ನಡಿಗರಿಗೆ ಇದು ಹೊಸದೇನಲ್ಲ. ಧರ್ಮರಾಯ ಪಗಡೆಯಾಟದಲ್ಲಿ ರಾಜ್ಯವನ್ನೇ ಪಣಕ್ಕಿಟ್ಟ ಕಥೆ ಎಲ್ಲರಿಗೂ ಗೊತ್ತು. ‘ಪ್ರಾಣ ಪಣಕ್ಕಿಟ್ಟು’ ಎನ್ನುವ ಮಾತೂ ಆಟದಿಂದಲೇ ಬಂದದ್ದು. ಜೆಪರ್ಡಿ ಎಂದರೆ ಬರಿಯ ಅಪಾಯವಲ್ಲ. ಕೈಯಲ್ಲಿರುವ ಏನೋ ಒಂದು ಪಣದಲ್ಲಿರುವ ಸ್ಥಿತಿ.

ಕಾನೂನಿಗೆ ಈ ಪದ ಹೊಂದಿದ್ದು ಇದೇ ಕಾರಣಕ್ಕೆ. ಕಟಕಟೆಯಲ್ಲಿ ನಿಂತ ಆರೋಪಿಯ ಸ್ವಾತಂತ್ರ್ಯವೇ ಪಣದಲ್ಲಿರುತ್ತದೆ. ಒಂದೇ ಅಪರಾಧಕ್ಕೆ ಎರಡು ಬಾರಿ ಹಾಗೆ ನಿಲ್ಲಿಸುವುದಕ್ಕೆ ‘ಡಬಲ್ ಜೆಪರ್ಡಿ’ ಎನ್ನುತ್ತಾರೆ. ಭಾರತದ ಸಂವಿಧಾನದ 20(2)ನೇ ವಿಧಿಯ ಪ್ರಕಾರ ಒಂದೇ ಅಪರಾಧಕ್ಕೆ ಯಾರನ್ನೂ ಒಂದಕ್ಕಿಂತ ಹೆಚ್ಚು ಬಾರಿ ವಿಚಾರಣೆಗೊಳಪಡಿಸಿ ಶಿಕ್ಷಿಸುವಂತಿಲ್ಲ. ಗಡಿಯ ಆಚೆಗೂ ಈಚೆಗೂ ಈ ವಿಧಿ ಒಂದೇ. ಖುಲಾಸೆಯಾದವರಿಗೂ ರಕ್ಷಣೆ ಕೊಡುವ ನಿಯಮ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 300ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 337ನೇ ಕಲಮಿನಲ್ಲಿದೆ. ಆದರೆ ಮೇಲ್ಮನವಿಯನ್ನು ಎರಡನೇ ವಿಚಾರಣೆ ಎಂದು ಎಣಿಸುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 1949ರಲ್ಲಿ ಬೊಂಬಾಯಿ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕನೊಬ್ಬನ ಚಿನ್ನವನ್ನು ಕಸ್ಟಮ್ಸ್ ಅಧಿಕಾರಿಗಳು ಮುಟ್ಟುಗೋಲು ಹಾಕಿಕೊಂಡರು. ಆಮೇಲೆ ಕ್ರಿಮಿನಲ್ ಕೇಸೂ ಬಿತ್ತು. ಇದು ಎರಡನೇ ಶಿಕ್ಷೆ ಎಂದು ಆತ ವಾದಿಸಿದ. ಕಸ್ಟಮ್ಸ್ ಇಲಾಖೆ ನ್ಯಾಯಾಲಯವಲ್ಲ, ಹಾಗಾಗಿ ಕೇಸು ನಡೆಯಬಹುದು ಎಂದು 1953ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಇಲಾಖೆಯವರು ಮಾಲು ಜಪ್ತಿ ಮಾಡಿದಲ್ಲಿಗೆ ಎಲ್ಲ ಮುಗಿಯಿತು ಎಂದು ನಂಬುವವರು ಗಡಿ ಊರುಗಳಲ್ಲೂ ಇದ್ದಾರೆ. ಅಂಥವರು ಈ ತೀರ್ಪನ್ನು ನೆನಪಿಡುವುದು ಒಳ್ಳೆಯದು. ನ್ಯಾಯಾಲಯದ ಮೆಟ್ಟಿಲೇರಿದ ಮೇಲಷ್ಟೇ ಕಾನೂನಿನ ಲೆಕ್ಕದಲ್ಲಿ ‘ಜೆಪರ್ಡಿ’ ಶುರುವಾಗುತ್ತದೆ.